ಹಸಿರು ಕೋಟಿನ ಕೆಟ್ಟ ಕಾಲರು

ಅವನು ಮೊದಲ ಸಲ ಬಂದು ನಿಂತಾಗ ಟೈಲರಮ್ಮನ ಕಣ್ಣಿಗೆ ಬಿದ್ದದ್ದು ಅವನ ಮುಖವಲ್ಲ, ಕಾಲರು. ಕೋಟಿನ ಬಣ್ಣದ ಬಗ್ಗೆ ತಕರಾರಿರಲಿಲ್ಲ. ಅಂಥ ಹಸಿರನ್ನು ಅವಳು ಯಾವ ಮಿಲ್ಲಿನ ಬಟ್ಟೆಯಲ್ಲೂ ಕಂಡಿರಲಿಲ್ಲ. ಆದರೆ ಕಾಲರು ಕತ್ತಿಗೆ ಕೂರದೆ ಹಿಂದಕ್ಕೆ ಎದ್ದು ನಿಂತಿತ್ತು, ಭುಜದ ಹೊಲಿಗೆ ಸುಕ್ಕುಗಟ್ಟಿತ್ತು, ಒಂದು ತೋಳು ಇನ್ನೊಂದಕ್ಕಿಂತ ಉದ್ದವಿತ್ತು. ಇಷ್ಟು ದುಬಾರಿ ಬಟ್ಟೆಯನ್ನು ಯಾವ ಪಾಪಿ ಹಾಳುಮಾಡಿದ ಎಂದು ಅವಳಿಗೆ ಹೊಟ್ಟೆ ಉರಿಯಿತು.

"ಯಾರ ಹತ್ರ ಹೊಲಿಸಿದ್ರಿ ಇದನ್ನ?" ಎಂದಳು.

ಇಸ್ತ್ರಿ ಮೇಜಿನ ಪಕ್ಕ ನಿಂತಿದ್ದವನು ಉತ್ತರ ಕೊಡಲಿಲ್ಲ.

"ನಿಮ್ಮನ್ನೇ ಕೇಳಿದ್ದು. ನಮ್ಮ ಅಂಗಡೀದಂತೂ ಅಲ್ಲ ಬಿಡಿ."

ಹೊಲಿಗೆ ಯಂತ್ರದ ಸದ್ದು ನಿಂತಿತು. "ಯಾರನ್ನ ಕೇಳ್ತಿದ್ದೀರಕ್ಕಾ?" ಎಂದಳು ಬಾಬಿನ್. ಕುಳ್ಳಗೆ ದುಂಡಗಿದ್ದು, ಒಮ್ಮೆ ಮಾತು ಶುರುಮಾಡಿದರೆ ದಾರದ ಹಾಗೆ ಬಿಚ್ಚುತ್ತಲೇ ಹೋಗುವ ಆ ಹೆಂಗಸಿಗೆ ಆ ಹೆಸರು ಇಟ್ಟವಳು ಟೈಲರಮ್ಮನೇ. ಎಷ್ಟೋ ವರ್ಷದಿಂದ ಅದೇ ಅಂಗಡಿಯಲ್ಲಿ, ಅದೇ ಕಿಟಕಿಯ ಪಕ್ಕದ ಯಂತ್ರದ ಮೇಲೆ ಅವಳ ಕೆಲಸ.

ಟೈಲರಮ್ಮ ತಲೆ ತಿರುಗಿಸಿ ಬಾಬಿನ್ ಕಡೆ ನೋಡಿದಳು. ಮತ್ತೆ ಇಸ್ತ್ರಿ ಮೇಜಿನತ್ತ ತಿರುಗಿದಾಗ ಅಲ್ಲಿ ಯಾರೂ ಇರಲಿಲ್ಲ. ಬಾಗಿಲು ತೆರೆದ ಸದ್ದೂ ಆಗಿರಲಿಲ್ಲ.

"ಯಾರನ್ನೂ ಇಲ್ಲ. ನಿನ್ನ ಕೆಲಸ ನೋಡ್ಕೋ," ಎಂದು ಗದರಿದಳು.

ಅವಳ ಕಣ್ಣು ಕೆಟ್ಟು ಆಗಲೇ ಬಹಳ ಕಾಲವಾಗಿತ್ತು. ಕಣ್ಣಿನ ಹಿಂದಿನ ಪರದೆಯ ನಡುಭಾಗ ಸವೆದಿದೆ, ಹೊಸದು ಹಾಕಲು ಬರುವುದಿಲ್ಲ ಎಂದು ಆಸ್ಪತ್ರೆಯವರು ಹೇಳಿದ್ದರು. ನೇರವಾಗಿ ನೋಡಿದ್ದೆಲ್ಲ ಬೆರಳಿನಿಂದ ಒರೆಸಿ ಹಾಕಿದಂತೆ ಮಸುಕು, ಸುತ್ತಲಿನದು ಮಾತ್ರ ಸುಮಾರಾಗಿ ಕಾಣುತ್ತಿತ್ತು. ಎದುರಿಗೆ ಕೂತವರ ಕಿವಿ ಕಂಡರೆ ಮೂಗು ಕಾಣುತ್ತಿರಲಿಲ್ಲ. ಮೂಗು ಇಲ್ಲದ ಗಿರಾಕಿಗಳ ಜೊತೆ ವ್ಯವಹಾರ ಮಾಡುವುದೇ ವಾಸಿ, ಮುಖ ನೋಡಿದರೆ ಬಯ್ಯಬೇಕು ಅನ್ನಿಸುತ್ತಿತ್ತು ಎಂದು ಅವಳು ಹೇಳಿಕೊಂಡು ತಿರುಗಿದರೂ, ಸೂಜಿಗೆ ದಾರ ಪೋಣಿಸಲು ಬಾಬಿನ್‌ಗೆ ಕೊಡುವಾಗ ಅವಳ ದವಡೆ ಬಿಗಿಯುತ್ತಿತ್ತು. ಅಳತೆ ತೆಗೆಯುವುದು, ಬಟ್ಟೆಯನ್ನು ಮುಟ್ಟಿ ತೂಗಿ ನೋಡುವುದು, ಹೊಲಿದದ್ದರ ಮೇಲೆ ಬೆರಳಾಡಿಸಿ ತಪ್ಪು ಹುಡುಕುವುದು, ಬಯ್ಯುವುದು, ಇಷ್ಟೂ ಇನ್ನೂ ಅವಳದೇ.

ಹಸಿರು ಕೋಟಿನವನು ಮತ್ತೆ ಬಂದ. ಅವನ ಹಿಂದೆ ಇನ್ನೂ ಕೆಲವರು ಬಂದರು. ಗರಿ ಸಿಕ್ಕಿಸಿದ ಟೋಪಿಯ ಹೆಂಗಸರು ಕನ್ನಡಿಯ ಮುಂದೆ ಸಾಲಾಗಿ ನಿಂತರು. ದಾರದ ಉಂಡೆಯಷ್ಟೇ ಎತ್ತರದ ಮಕ್ಕಳು ಕತ್ತರಿಸುವ ಮೇಜಿನ ಅಂಚಿನಲ್ಲಿ ನಡೆದು ಹೋದರು. ಬಿಳಿ ಗೋಡೆಯ ಮೇಲೆ ಇದ್ದಕ್ಕಿದ್ದಂತೆ ಕೆಂಪು ನೀಲಿ ಚೌಕಳಿಗಳು ಹರಡಿಕೊಂಡು, ಯಾರೋ ಸಾಲು ಕಟ್ಟಿ ಕೂತು ನೇಯುತ್ತಿರುವಂತೆ ಬೆಳೆಯುತ್ತಿದ್ದವು. ಒಬ್ಬರ ಬಾಯಲ್ಲೂ ಒಂದು ಮಾತಿಲ್ಲ, ಹೆಜ್ಜೆಯ ಸದ್ದಿಲ್ಲ. ಅವಳು ಕಣ್ಣು ಹೊರಳಿಸಿದರೆ ಹೋಗುತ್ತಿದ್ದರು, ಸುಮ್ಮನೆ ಕೂತರೆ ಬರುತ್ತಿದ್ದರು. ಇದರಲ್ಲಿ ಅವಳಿಗೆ ತಡೆಯಲಾಗದ್ದು ಒಂದೇ: ಎದುರಿಗೆ ನಿಂತ ನಿಜವಾದ ಗಿರಾಕಿಯ ಅಂಗಿಗೆ ಗುಂಡಿ ಇದೆಯೋ ಇಲ್ಲವೋ ಕಾಣದು, ಇಲ್ಲದ ಈ ಜನರ ಕಾಜದ ಒಂದೊಂದು ಎಳೆಯೂ ಎಣಿಸುವಷ್ಟು ನಿಚ್ಚಳ. ಎಣಿಸಿ ನೋಡಿದರೆ ಎಲ್ಲವೂ ಕೊಳಕು ಕೆಲಸ. ಕೋಟಿನ ಒಳಗಿನ ಅಸ್ತರು ಹೊರಗೆ ಇಣುಕುತ್ತಿತ್ತು. ಫ್ರಾಕಿನ ನೆರಿಗೆಗಳು ತಮಗೆ ತೋಚಿದ ಕಡೆ ಬಿದ್ದಿದ್ದವು.

ಯಾರಿಗೂ ಹೇಳಲಿಲ್ಲ. ಅವಳ ಸೋದರತ್ತೆಯೊಬ್ಬಳು ಮುಪ್ಪಿನಲ್ಲಿ ಗೋಡೆಯ ಜೊತೆ ಮಾತಾಡುತ್ತಿದ್ದಳು. ಮನೆಯವರು ಅವಳನ್ನು ಹಿಂದಿನ ಕೋಣೆಯಲ್ಲಿ ಕೂಡಿಹಾಕಿ, ಬಂದವರಿಗೆಲ್ಲ ಊರಲ್ಲಿಲ್ಲ ಎಂದು ಹೇಳುತ್ತಿದ್ದರು. ಟೈಲರಮ್ಮ ಚಿಕ್ಕವಳಿದ್ದಾಗ ಆ ಬಾಗಿಲ ಮುಂದೆ ನಗುತ್ತಾ ಓಡಿದ್ದಳು. ಈಗ ಆ ಬಾಗಿಲು ನೆನಪಾದರೆ ನಗು ಬರುತ್ತಿರಲಿಲ್ಲ.

ಗುಟ್ಟು ಬಯಲಾದದ್ದು ಮಗನ ಮನೆಯಲ್ಲಿ. ಮಗನದು ಔಷಧಿ ಅಂಗಡಿ, ದೊಡ್ಡ ಬೀದಿಯಲ್ಲಿ, ಗಾಜಿನ ಬಾಗಿಲಿನದು. ಭಾನುವಾರ ಅವಳು ಅಲ್ಲಿಗೆ ಊಟಕ್ಕೆ ಹೋಗುವುದು ವಾಡಿಕೆ. ಆ ದಿನ ಸೊಸೆಯ ಅಣ್ಣನೂ ಬಂದಿದ್ದ. ಬಾಡಿಗೆ ಹಾಲ್‌ನಲ್ಲಿ ಜನರನ್ನು ಚಾಪೆಯ ಮೇಲೆ ಕೂರಿಸಿ 'ಮನಸ್ಸಿನ ಶಕ್ತಿ' ಕಲಿಸುವ ಮಹಾನುಭಾವ ಅವನು. ಮಾತಾಡುವಾಗ ಕಣ್ಣು ಮುಚ್ಚಿಕೊಳ್ಳುತ್ತಾನೆ. ಕೇಳುವವರ ಮುಖದಲ್ಲಿ ಮೂಡುವ ಬೇಸರ ನೋಡಬಾರದು ಎಂದೇ ಹಾಗೆ ಮಾಡುತ್ತಾನೆ ಎಂಬುದು ಟೈಲರಮ್ಮನ ಅಭಿಪ್ರಾಯ. ಬೆನ್ನ ಹಿಂದೆ ಅವಳು ಅವನನ್ನು ಮೌನಿಬಾಬಾ ಎನ್ನುತ್ತಿದ್ದಳು, ಅವನು ಎಂದೂ ಬಾಯಿ ಮುಚ್ಚದ ಕಾರಣಕ್ಕೆ.

ಸೊಸೆ ಕುರ್ಚಿ ಎಳೆದು, "ಕೂತ್ಕೊಳ್ಳಿ ಅತ್ತೆ," ಎಂದಳು. ಕುರ್ಚಿಯಲ್ಲಿ ನೇರಳೆ ಬಣ್ಣದ ಫ್ರಾಕಿನ ಹೆಂಗಸೊಬ್ಬಳು ಆರಾಮಾಗಿ ಕೂತಿದ್ದಳು. ಅವಳು ಇಲ್ಲ ಎಂದು ಟೈಲರಮ್ಮನಿಗೆ ಗೊತ್ತಿತ್ತು. ಗೊತ್ತಿದ್ದರೂ, ಗುರುತು ಪರಿಚಯ ಇಲ್ಲದವಳ ತೊಡೆಯ ಮೇಲೆ ಹೋಗಿ ಕೂರಲು ಮನಸ್ಸಾಗಲಿಲ್ಲ.

"ಪರವಾಗಿಲ್ಲ, ನಿಂತಿರ್ತೀನಿ."

"ಯಾಕತ್ತೆ? ಕಾಲು ನೋಯಲ್ವಾ?"

"ಅವಳು ಎದ್ದ ಮೇಲೆ ಕೂತ್ಕೋತೀನಿ ಬಿಡು," ಎಂದು ಬಾಯಿಂದ ಬಂದೇಬಿಟ್ಟಿತು.

ಯಾವ ಅವಳು ಎಂದು ಮಗ ಕೆದಕಿ ಕೆದಕಿ ಕೇಳಿದ. ಅವಳಿಗೂ ಬಚ್ಚಿಟ್ಟು ಸಾಕಾಗಿತ್ತು. ಹಸಿರು ಕೋಟಿನಿಂದ ಹಿಡಿದು ನೇರಳೆ ಫ್ರಾಕಿನವರೆಗೆ ಎಲ್ಲ ಹೇಳಿದಳು. ಮೌನಿಬಾಬಾ ಕಣ್ಣು ಮುಚ್ಚಿದ.

"ನೋಡಿ ಅಮ್ಮಾ, ಇದು ಒಳಗಡೆ ಅದುಮಿಟ್ಟ ಆಸೆ. ಹಸಿರು ಅಂದ್ರೆನೇ ಆಸೆಯ ಬಣ್ಣ. ನಿಮಗೆ ಏನೋ ಬೇಕಾಗಿತ್ತು, ಜೀವನ ಕೊಡ್ಲಿಲ್ಲ. ಅದೇ ಈಗ ಮನುಷ್ಯನ ರೂಪದಲ್ಲಿ..."

"ನಾನು ಆಸೆ ಪಡೋದೇ ಆಗಿದ್ರೆ ನೆಟ್ಟಗೆ ಹೊಲಿದ ಕೋಟು ಹಾಕಿದವನ ಮೇಲೆ ಪಡ್ತಿದ್ದೆ. ನನ್ನ ಆಸೆಗೂ ಒಂದು ಮಟ್ಟ ಇದೆ."

"ಕೋಪ ಕೂಡ ಅದರ ಲಕ್ಷಣವೇ," ಎಂದು ಅವನು ಮುಚ್ಚಿದ ಕಣ್ಣಿನಲ್ಲೇ ಮುಗುಳ್ನಕ್ಕ. ಅಂಥವನ ಮುಂದೆ ಸುಮ್ಮನಿದ್ದರೆ ಅದುಮಿಟ್ಟದ್ದು, ಬಯ್ದರೆ ಹೊರಬಂದದ್ದು. ಹೇಗೆ ಎತ್ತಿ ಹಾಕಿದರೂ ಅವನೇ ಮೇಲೆ.

ಮಗ ತತ್ವ ಹೇಳಲಿಲ್ಲ, ಮಾತ್ರೆ ತಂದ. ತನ್ನ ಅಂಗಡಿಯ ಕಪಾಟಿನಿಂದಲೇ ತೆಗೆದು ತಂದ ಪುಟ್ಟ ಹಳದಿ ಮಾತ್ರೆ. "ನರಕ್ಕೆ ಒಳ್ಳೇದು, ತಗೋಮ್ಮ. ಯಾರಿಗೂ ಹೇಳೋದು ಬೇಡ. ಇನ್ನು ಆ ಅಂಗಡಿ ಮುಚ್ಚಿ ಇಲ್ಲಿಗೇ ಬಂದ್ಬಿಡು. ಹಿಂದಿನ ರೂಮು ಖಾಲಿನೇ ಇದೆ."

ಹಿಂದಿನ ರೂಮು ಎಂಬ ಮಾತು ಕೇಳಿ ಅವಳಿಗೆ ಸೋದರತ್ತೆಯ ಬಾಗಿಲು ನೆನಪಾಯಿತು. ಆ ಹೆದರಿಕೆಗೇ ಮಾತ್ರೆ ನುಂಗಿದಳು.

ಮಾತ್ರೆ ಹಸಿರು ಕೋಟಿನವನನ್ನು ಓಡಿಸಲಿಲ್ಲ, ಅವಳನ್ನೇ ಓಡಿಸಿತು. ತಲೆ ನೆನೆದ ಹತ್ತಿಯಂತಾಯಿತು. ಬಯ್ಯಲು ಬಾಯಿ ತೆರೆದರೆ ಅರ್ಧದಲ್ಲಿ ಬೈಗುಳ ಮರೆತುಹೋಗುತ್ತಿತ್ತು. ಗಿರಾಕಿಗಳು ಟೈಲರಮ್ಮ ಎಷ್ಟು ಮೆತ್ತಗಾಗಿದ್ದಾರೆ ಎಂದು ಖುಷಿಪಟ್ಟರು, ಬಾಬಿನ್ ಮಾತ್ರ ಹೆದರಿದಳು. ಒಂದು ಮಧ್ಯಾಹ್ನ ಯಾರದೋ ಬಿಳಿ ಶರ್ಟಿನ ಬೆನ್ನ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟ ಟೈಲರಮ್ಮ ಕೈ ತೆಗೆಯದೆ ಹಾಗೇ ನಿಂತುಬಿಟ್ಟಳು. ಹೊಗೆಯ ವಾಸನೆಗೆ ಬಾಬಿನ್ ಓಡಿಬಂದು ಪ್ಲಗ್ಗು ಕಿತ್ತಳು. ಶರ್ಟಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಆಕಾರದ ಕಂದು ಕಿಟಕಿ ಬಿದ್ದಿತ್ತು. ಹಸಿರು ಕೋಟಿನವನು ಎದುರಿಗೇ ನಿಂತು ಎಲ್ಲವನ್ನೂ ನೋಡುತ್ತಿದ್ದ.

ಬಾಬಿನ್ ಅವಳನ್ನು ಕುರ್ಚಿಯಲ್ಲಿ ಕೂರಿಸಿ ನೀರು ಕುಡಿಸಿದಳು. "ಈಗ ಹೇಳಿ. ಹೇಳ್ದೆ ಇದ್ರೆ ನಾಳೆಯಿಂದ ನಾನು ಬರಲ್ಲ."

ಟೈಲರಮ್ಮ ಹೇಳಿದಳು. ಬಾಬಿನ್ ಬಾಯಿ ಬಿಟ್ಟುಕೊಂಡು ಕೇಳಿ, ಕೊನೆಗೆ, "ನೋಡೋಕೆ ಚೆನ್ನಾಗಿದ್ದಾನಾ?" ಎಂದಳು.

"ಯಾರು?"

"ಅದೇ, ಹಸಿರು ಕೋಟು."

"ನಿನ್ನ ತಲೆ! ಕಾಲರು ನೋಡಿದ ಮೇಲೆ ಮುಖ ಯಾರಿಗೆ ಬೇಕು?"

"ಹಾಗಾದ್ರೆ ನಡೀರಿ, ಕಣ್ಣಿನ ಆಸ್ಪತ್ರೆಗೆ ಹೋಗೋಣ."

"ಕೆಟ್ಟಿರೋದು ತಲೆ. ಕಣ್ಣಿನ ಆಸ್ಪತ್ರೆಗ್ಯಾಕೆ?"

"ಕಾಣಿಸ್ತಿರೋದು ಕಣ್ಣಿಗೆ ತಾನೆ?" ಎಂದಳು ಬಾಬಿನ್. ಇಷ್ಟು ದಡ್ಡ ವಾದ ಎಲ್ಲೂ ಕೇಳಿಲ್ಲ ಎಂದು ಗೊಣಗುತ್ತಾ ಟೈಲರಮ್ಮ ಚಪ್ಪಲಿ ಮೆಟ್ಟಿಕೊಂಡಳು.

ಅಲ್ಲಿ ಹೊಸ ಡಾಕ್ಟರಮ್ಮ ಇದ್ದಳು. ಆರಿಹೋದ ಚಹಾ ಒಂದು ಕಡೆ, ಕಾಯುತ್ತಿರುವ ಜನ ಇನ್ನೊಂದು ಕಡೆ. ಒಂದೊಂದೇ ಕಣ್ಣಿಗೆ ಬೆಳಕು ಬಿಟ್ಟು ನೋಡುತ್ತಾ, ಪಾಠ ಒಪ್ಪಿಸುವವಳಂತೆ ಪ್ರಶ್ನೆ ಕೇಳುತ್ತಾ ಹೋದಳು. ಕಣ್ಣು ಉರಿಯುತ್ತಾ? ನೀರು ಸೋರುತ್ತಾ? ನೆಟ್ಟಗಿರುವ ಗೆರೆ ಸೊಟ್ಟಗೆ ಕಾಣುತ್ತಾ? ಅದೇ ಧಾಟಿಯಲ್ಲಿ ಮುಂದುವರಿಸಿದಳು. "ಇಲ್ಲದ ಜನ, ಪ್ರಾಣಿ, ಗೋಡೆ ಮೇಲೆ ಚಿತ್ತಾರ, ಇಂಥವೇನಾದ್ರೂ ಕಾಣುತ್ತಾ?"

ಹೇಳುವುದೋ ಬೇಡವೋ ಎಂದು ಟೈಲರಮ್ಮ ಸೆರಗಿನ ಅಂಚನ್ನು ಮಡಚತೊಡಗಿದಳು. ಬಾಬಿನ್‌ಗೆ ಆ ತೊಂದರೆ ಇರಲಿಲ್ಲ. "ಕಾಣುತ್ತೆ! ಹಸಿರು ಕೋಟು! ಗರಿ ಟೋಪಿ!"

"ಮಾತಾಡ್ತಾರಾ?" ಡಾಕ್ಟರಮ್ಮ ತಲೆ ಎತ್ತಲೇ ಇಲ್ಲ.

"ಇಲ್ಲ," ಎಂದಳು ಟೈಲರಮ್ಮ.

"ಅವರು ನಿಜ ಅಲ್ಲ ಅಂತ ನಿಮಗೇ ಗೊತ್ತಾಗುತ್ತಾ?"

"ಗೊತ್ತಾಗ್ದೆ ಏನು? ಅಂಥ ಕಾಲರು ಹಾಕ್ಕೊಂಡು ಯಾರೂ ಬೀದಿಗಿಳಿಯಲ್ಲ."

ಡಾಕ್ಟರಮ್ಮ ಬೆಳಕು ಆರಿಸಿ ಹಿಂದಕ್ಕೆ ಒರಗಿದಳು. "ಹಾಗಾದ್ರೆ ಹೆದರ್ಕೋಬೇಡಿ. ಇದು ಹುಚ್ಚಲ್ಲ. ನಿಮ್ಮಂಥ ಕಣ್ಣಿರೋರಲ್ಲಿ ಎಷ್ಟೋ ಜನಕ್ಕೆ ಹೀಗಾಗುತ್ತೆ. ಹೇಳ್ಕೊಳ್ಳಲ್ಲ, ಅಷ್ಟೆ."

"ಹಾಗಾದ್ರೆ ಅವರೆಲ್ಲ ಎಲ್ಲಿಂದ ಬರ್ತಾರೆ?"

"ನೋಡಿ, ನೋಡೋದು ಕಣ್ಣಲ್ಲ. ಹೊರಗಿನಿಂದ ಬರೋದು ಬರೀ ಬೆಳಕು. ಕಣ್ಣು ಅದರ ಸುದ್ದಿಯನ್ನ ಹಿಂದಕ್ಕೆ ಕಳಿಸುತ್ತೆ, ಇಲ್ಲಿಗೆ." ಡಾಕ್ಟರಮ್ಮ ಎದ್ದು ಬಂದು ಟೈಲರಮ್ಮನ ತಲೆಯ ಹಿಂಭಾಗವನ್ನು ಬೆರಳಿನಿಂದ ತಟ್ಟಿದಳು. "ಗೆರೆ ಯಾವುದು, ಅಂಚು ಯಾವುದು, ಇದು ಹಸಿರಾ ನೀಲಿಯಾ, ಇದು ಮುಖಾನಾ ಮಡಕೆಯಾ, ಎಲ್ಲ ಮಿದುಳು ಕಟ್ಟೋದು. ಬಣ್ಣಕ್ಕೆ ಅಂತ ಒಂದು ಜಾಗ ಇದೆ, ಮುಖಕ್ಕೆ ಅಂತ ಒಂದು. ಈಗ ನಿಮ್ಮ ಕಣ್ಣಿನ ನಡುವಿನಿಂದ ಸುದ್ದಿ ಬರೋದು ನಿಂತಿದೆ. ಆದ್ರೆ ಮಿದುಳು ಸುಮ್ನೆ ಕೂರೋ ಜಾತಿ ಅಲ್ಲ. ಸುದ್ದಿ ಬರ್ಲಿಲ್ಲ ಅಂದ್ರೆ ತಾನೇ ಏನೋ ಕಟ್ಕೊಂಡು ತೋರಿಸುತ್ತೆ. ಮಸುಕು ಇರೋದು ಕಣ್ಣಲ್ಲಿ ತಾನೆ? ಇದು ಕಣ್ಣಿಂದ ಬಂದದ್ದೇ ಅಲ್ಲ. ಅದಕ್ಕೇ ಅಷ್ಟು ನಿಚ್ಚಳ, ಅಷ್ಟು ಗಾಢ ಬಣ್ಣ."

"ಬಟ್ಟೆ ಬರದೆ ಇದ್ರೂ ಯಂತ್ರ ಓಡಿಸ್ತಾ ಕೂರೋದು," ಎಂದಳು ಟೈಲರಮ್ಮ ನಿಧಾನವಾಗಿ.

"ಹಾಗೇ ಅಂದ್ಕೊಳ್ಳಿ."

ಹುಚ್ಚಲ್ಲ ಎಂಬ ಮಾತಿಗೆ ಅವಳ ಬೆನ್ನಿನಿಂದ ಏನೋ ಭಾರ ಇಳಿದಿತ್ತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂದು ಅವಳನ್ನು ನೆಟ್ಟಗೆ ಕೂರಿಸಿತು.

"ಒಂದು ನಿಮಿಷ. ಹಾಗಾದ್ರೆ ಆ ಕೋಟು ಹೊಲಿದದ್ದು ಯಾರು?"

"ನೀವೇ. ನಿಮ್ಮ ಮಿದುಳು."

"ಸಾಧ್ಯವೇ ಇಲ್ಲ!" ಟೈಲರಮ್ಮನ ದನಿಗೆ ಹೊರಗೆ ಕಾಯುತ್ತಿದ್ದವರು ಬಾಗಿಲಿನತ್ತ ನೋಡಿದರು. "ನನ್ನ ಜನ್ಮದಲ್ಲಿ ಅಂಥ ಕಾಲರು ಕೂರಿಸಿಲ್ಲ. ಕಲಿಯೋ ಕಾಲದಲ್ಲೂ ಇಲ್ಲ. ನಮ್ಮ ಯಜಮಾನರು ನೋಡಿದ್ರೆ ಕತ್ತರೀಲಿ ಹೊಡೀತಿದ್ರು. ಬೇರೆಯವರದ್ದು ಏನಾದ್ರೂ ನನ್ನ ತಲೆಗೆ ಬಂದಿರಬೇಕು."

"ನನಗೆ ಹೊಲಿಗೆ ಗೊತ್ತಿಲ್ಲಮ್ಮ," ಎಂದಳು ಡಾಕ್ಟರಮ್ಮ ಸುಸ್ತಾಗಿ. "ಮಾತ್ರೆ ಏನಾದ್ರೂ ತಗೋತಿದ್ದೀರಾ?"

ಬಾಬಿನ್ ಚೀಲದಿಂದ ಹಳದಿ ಮಾತ್ರೆಯ ಪಟ್ಟಿ ತೆಗೆದಿಟ್ಟಳು. ಡಾಕ್ಟರಮ್ಮ ಅದನ್ನು ತಿರುಗಿಸಿ ಓದಿದಳು, ಮುಖ ಬಿಗಿಯಿತು. "ಇದನ್ನ ಯಾರು ಬರೆದುಕೊಟ್ಟಿದ್ದು?"

"ಮಗ."

"ಡಾಕ್ಟರಾ?"

"ಔಷಧಿ ಅಂಗಡಿ."

"ಹಾಗಾದ್ರೆ ಅವರಿಗೆ ಚೆನ್ನಾಗೇ ಗೊತ್ತಿರಬೇಕು, ಇದನ್ನ ಚೀಟಿ ಇಲ್ದೆ ಬೀದಿಯವರಿಗೂ ಕೊಡೋ ಹಾಗಿಲ್ಲ ಅಂತ. ತಾಯಿಗೆ ಕೊಟ್ಟಿದ್ದಾರಾ?" ಮಾತ್ರೆಯನ್ನು ಒಮ್ಮೆಗೇ ಬಿಡದೆ ಹೇಗೆ ಸ್ವಲ್ಪಸ್ವಲ್ಪವೇ ಕಡಿಮೆ ಮಾಡಿ ನಿಲ್ಲಿಸಬೇಕೆಂದು ಹೇಳಿದಳು. ಅಂಗಡಿಯಲ್ಲಿ ಬೆಳಕು ಜಾಸ್ತಿ ಮಾಡಿಕೊಳ್ಳಿ, ಅವರು ಬಂದಾಗ ಕಣ್ಣನ್ನು ಅತ್ತಿತ್ತ ಹೊರಳಿಸಿ ಎಂದಳು. ಬಹಳ ಜನಕ್ಕೆ ಇದು ಬರಬರುತ್ತಾ ತಾನಾಗಿ ಕಡಿಮೆಯಾಗುತ್ತದಂತೆ.

ಮುಂದಿನ ಭಾನುವಾರ ಟೈಲರಮ್ಮ ಮಗನ ಮನೆಗೆ ಹೋದಾಗ ತಲೆ ಪೂರ್ತಿ ತಿಳಿಯಾಗಿರಲಿಲ್ಲ, ನಾಲಿಗೆ ಮಾತ್ರ ವಾಪಸು ಬಂದಿತ್ತು. ಊಟದ ಮೇಜಿನ ಮುಂದೆ ನಿಂತೇ ಎಲ್ಲವನ್ನೂ ಹೇಳಿದಳು. ಮಗನ ಮುಖ ಅವಳಿಗೆ ಕಾಣಲಿಲ್ಲ. ಅವನ ಕಿವಿ ಕೆಂಪಗಾದದ್ದು ಕಂಡಿತು.

ಮೌನಿಬಾಬಾನ ಕಣ್ಣು ಮುಚ್ಚಿತ್ತು. "ನೋಡಿದ್ರಾ? ನಾನೂ ಅದನ್ನೇ ಹೇಳಿದ್ದು. ಹೊರಗಿನಿಂದ ಅಲ್ಲ, ಒಳಗಿನಿಂದ ಬರ್ತಿದೆ ಅಂತ."

"ನೀವು ಹೇಳಿದ್ದು ಆಸೆ. ಅವರು ಹೇಳಿದ್ದು ಕಣ್ಣಿನ ರೋಗ."

"ಶಬ್ದ ಬೇರೆ ಇರಬಹುದು ಅಮ್ಮಾ, ಅರ್ಥ ಒಂದೇ."

"ಹಾಗಾದ್ರೆ ಪ್ಯಾಂಟೂ ಪರದೇನೂ ಒಂದೇ, ಎರಡೂ ಬಟ್ಟೆ ತಾನೆ? ನಾಳೆ ಕಿಟಕಿ ಪರದೆ ಸುತ್ಕೊಂಡು ಪಾಠಕ್ಕೆ ಹೋಗಿ."

ಸೊಸೆ ನಗು ತಡೆಯಲಾಗದೆ ಅಡುಗೆಮನೆಗೆ ಎದ್ದುಹೋದಳು. ಮೌನಿಬಾಬಾನಿಗೆ ಒಂದಿಷ್ಟೂ ನೋವಾಗಲಿಲ್ಲ. ಅಂಥವರಿಗೆ ಆಗುವುದೂ ಇಲ್ಲ. ಮುಂದಿನ ವಾರದಿಂದ ತನ್ನ ತರಗತಿಯಲ್ಲಿ 'ಮಿದುಳು ಕಟ್ಟುವ ಲೋಕ' ಎಂಬ ಹೊಸ ಪಾಠ ಸೇರಿಸಿದ ಎಂದು ಆಮೇಲೆ ತಿಳಿಯಿತು. ಚಾಪೆ ತುಂಬುವಷ್ಟು ಜನ ಬಂದಿದ್ದರಂತೆ.

ಅವಳು ಹೊರಟಾಗ ಮಗ ಮೆಟ್ಟಿಲಿನವರೆಗೆ ಹಿಂದೆ ಬಂದ. ಕ್ಷಮೆ ಕೇಳುವುದು ಅವನಿಗೆ ಬರುತ್ತಿರಲಿಲ್ಲ. ಅವನ ಅಪ್ಪನಿಗೂ ಬರುತ್ತಿರಲಿಲ್ಲ.

"ನನಗೆ ಹೆದರಿಕೆ ಆಗಿತ್ತಮ್ಮ."

"ನನಗೇನು ಹಬ್ಬ ಆಗಿತ್ತಾ?"

ಅವನು ಕಂಬಿಯನ್ನು ಉಗುರಿನಿಂದ ಕೆರೆಯುತ್ತಾ ನಿಂತ. ಆಮೇಲೆ ಚಿಕ್ಕ ಹುಡುಗನ ದನಿಯಲ್ಲಿ ಕೇಳಿದ. "ಅಪ್ಪ ಬರ್ತಾರಾ? ಅವರ ಜೊತೆ?"

ಈ ಪ್ರಶ್ನೆಯನ್ನು ಯಾರಾದರೂ ಕೇಳಿಬಿಟ್ಟಾರು ಎಂದು ಅವಳು ಹೆದರಿದ್ದಳು. ಅವಳಿಗೆ ಕತ್ತರಿ ಹಿಡಿಯುವುದನ್ನು ಕಲಿಸಿದ್ದು ಅವನ ಅಪ್ಪ. ತೀರಿಹೋದ ಆ ಗಂಡನ ಮುಖವನ್ನು ಅವಳು ದಿನವೂ ನೆನೆಯಲು ನೋಡುತ್ತಿದ್ದಳು. ಈಗೀಗ ಹುಬ್ಬು ನೆನಪಾದರೆ ಬಾಯಿ ಸಿಗುತ್ತಿರಲಿಲ್ಲ.

"ಇಲ್ಲ," ಎಂದಳು. "ಒಂದು ಸಲಾನೂ ಇಲ್ಲ. ಯಾವ ಊರವರೋ, ಯಾರ ಕಡೆಯವರೋ, ಟೋಪಿ ಹಾಕ್ಕೊಂಡು ಮೆರವಣಿಗೆ ಬರ್ತಾರೆ. ಅವರಿಗೆಲ್ಲ ಜಾಗ ಇದೆ. ನಿಮ್ಮಪ್ಪನ್ನ ಒಂದು ಗಳಿಗೆ ತಂದು ನಿಲ್ಲಿಸೋಕೆ ಈ ದರಿದ್ರ ತಲೆಗೆ ಯೋಗ್ಯತೆ ಇಲ್ಲ."

ಆಮೇಲೆ ಅವಳು ಬಸ್ಸು ತಪ್ಪುತ್ತದೆ ಎಂದು ಇಳಿದು ಹೋದಳು.

ಅದೇ ವಾರ ಮಗ ಅಂಗಡಿಗೆ ಬಂದ. ಅವನು ಅಲ್ಲಿ ಕಾಲಿಟ್ಟು ಎಷ್ಟು ವರ್ಷವಾಗಿತ್ತೋ. ಕೈಯಲ್ಲಿ ದೊಡ್ಡ ದೀಪ, ಏಣಿ. ಶರ್ಟಿನ ತೋಳು ಮಡಚಿ ತಾನೇ ಕತ್ತರಿಸುವ ಮೇಜಿನ ಮೇಲೆ ಅದನ್ನು ನೇತುಹಾಕಿದ. ಬೆಳಕು ಸುರಿದಾಗ ಟೈಲರಮ್ಮ ಕಣ್ಣು ಕಿರಿದು ಮಾಡಿ, ಇದೇನು ಅಂಗಡಿಯೋ ಫುಟ್ಬಾಲ್ ಮೈದಾನವೋ ಎಂದು ಬಯ್ದಳು. ದೀಪವನ್ನು ಮಾತ್ರ ಆರಿಸಲಿಲ್ಲ. ಅಂಗಡಿ ಮುಚ್ಚುವ ಮಾತು ಮಗ ಮತ್ತೆ ಎತ್ತಲಿಲ್ಲ. ಹಸಿರು ಕೋಟಿನವನ ಕಡೆಯವರು ಬರುವುದು ಕ್ರಮೇಣ ಕಡಿಮೆಯಾಯಿತು. ಬಂದರೂ ತೆಳ್ಳಗೆ, ನೀರಿನಲ್ಲಿ ನೆನೆಸಿ ಬಣ್ಣ ಬಿಟ್ಟವರಂತೆ ಬಂದು, ಅವಳು ಎರಡು ಸಲ ಕಣ್ಣು ಹೊರಳಿಸುವಷ್ಟರಲ್ಲಿ ಜಾಗ ಖಾಲಿ ಮಾಡುತ್ತಿದ್ದರು.

ಮುಂದಿನ ಸಲ ಕಣ್ಣು ತೋರಿಸಲು ಹೋದಾಗ ಆಸ್ಪತ್ರೆಯ ಬೆಂಚಿನ ಮೇಲೆ ಪಕ್ಕದಲ್ಲಿ ಒಬ್ಬ ಮುದುಕ ಕೂತಿದ್ದ. ಜೊತೆಗೆ ಅವನ ಮಗಳು.

"ಒಳಗಡೆ ಕುದುರೆ ಯಾಕೆ ಬಿಟ್ಟಿದ್ದಾರೆ?" ಎಂದು ಅವನು ಪಿಸುಗುಟ್ಟಿದ.

"ಶ್! ಅಪ್ಪಾ! ಜನ ಕೇಳಿಸ್ಕೋತಾರೆ," ಎಂದು ಮಗಳು ಅವನ ಮೊಣಕೈ ಅದುಮಿದಳು. ಮುದುಕ ತಲೆ ತಗ್ಗಿಸಿದ.

ಟೈಲರಮ್ಮ ತಿರುಗಿ ಕೂತಳು. "ಯಾಕೆ ಬಾಯಿ ಮುಚ್ಚಿಸ್ತೀಯಮ್ಮಾ? ಅವರೇನು ನಿನ್ನ ಕುದುರೆ ಕದ್ದಿದ್ದಾರಾ? ಒಳಗೆ ಹೋದಾಗ ಡಾಕ್ಟರಮ್ಮಂಗೆ ಮೊದಲು ಅದನ್ನೇ ಹೇಳು." ಆಮೇಲೆ ಮುದುಕನ ಕಡೆ ಬಾಗಿದಳು. "ಯಾವ ಬಣ್ಣ?"

ಮುದುಕ ಮಗಳ ಕಡೆ ಒಮ್ಮೆ ನೋಡಿ, ಧೈರ್ಯ ತಂದುಕೊಂಡ. "ನೀಲಿ. ಆಕಾಶದ್ದಕ್ಕಿಂತ ಜಾಸ್ತಿ ನೀಲಿ."

"ನೀಲಿ ಕುದುರೆ!" ಎಂದಳು ಟೈಲರಮ್ಮ ಮೂಗು ಮುರಿದು. "ತಲೆಗೆ ಹೋಗಿ ಹೋಗಿ ಅದೇ ಹೊಳೀತಾ? ಇರ್ಲಿ, ಬೆನ್ನ ಮೇಲೆ ಕೂರೋಕೆ ಜೀನು ಹಾಕಿದಾರಾ, ನೋಡಿ ಹೇಳಿ. ಹೊಲಿಗೆ ಹೇಗಿದೆ?"

ಮುದುಕ ಗೋಡೆಯ ಕಡೆ ಮುಖ ಮಾಡಿ, ಕಣ್ಣು ಕಿರಿದುಗೊಳಿಸಿ, ಬಹಳ ಶ್ರದ್ಧೆಯಿಂದ ನೋಡತೊಡಗಿದ.